ಸೂಜಿ ರಿಜಿಸ್ಟರ್

ನಮ್ಮ ಕಾರ್ಖಾನೆಯಲ್ಲಿ ಸೂಜಿ ಮುರಿದರೆ
ಇಡೀ ಲೈನು ನಿಲ್ಲುತ್ತದೆ.
ಚೂರುಗಳೆಲ್ಲ ಸಿಗಬೇಕು.
ಮೇಜಿನಡಿ ಮೊಣಕಾಲೂರಿ, ಅಯಸ್ಕಾಂತ ಆಡಿಸಿ,
ಸಿಕ್ಕ ಚೂರು ಜೋಡಿಸಿ ನೋಡಿ,
ಸೆಲೋಟೇಪಿನಲ್ಲಿ ರಿಜಿಸ್ಟರಿಗೆ ಅಂಟಿಸಿ
ತಾರೀಕು, ಮಷೀನ್ ನಂಬರು, ಸಹಿ.
ಆಮೇಲೆ ಹೊಸ ಸೂಜಿ.

ಹೊಲಿಯುವುದು ಮಕ್ಕಳ ಅಂಗಿ.
ಸೊನ್ನೆಯಿಂದ ಮೂರು ತಿಂಗಳು, ಮೂರರಿಂದ ಆರು,
ಯಾವ ದೇಶದ ಕೂಸೋ, ಯಾವ ಬಾಣಂತಿ ಕೋಣೆಯೋ.
ಪೀಣ್ಯ ಎರಡನೇ ಹಂತದಲ್ಲಿ ಒಂಬತ್ತು ವರ್ಷದಿಂದ
ಸೂಜಿ ಹುಡುಕುವ ಯಂತ್ರದೊಳಗೆ
ಒಂದೊಂದೇ ಅಂಗಿ ಕಳಿಸುತ್ತೇನೆ.
ಕಿರುಗುಟ್ಟಿದರೆ ಪಕ್ಕಕ್ಕೆ.
ಸುಮ್ಮನಿದ್ದರೆ ಪೆಟ್ಟಿಗೆಗೆ.

ಈಗ ನನಗೆ ಆರು ತಿಂಗಳು.
ಜುಲೈ ಮೊದಲ ವಾರ ಆಶಾ ಜಬೀನಾ ಬಂದು
"ಬಸುರಿಯರಿಗೂ ಹಾಕ್ತಾರಂತೆ ಅಕ್ಕಾ, ಆರ್ಡರ್ ಬಂದಿದೆ" ಅಂದಳು.
ಹೋದ ತಿಂಗಳು ಇದೇ ಜಬೀನಾ, ಇದೇ ಹೊಸ್ತಿಲಲ್ಲಿ
"ಬಸುರಿಯರಿಗಿಲ್ಲ" ಅಂದಿದ್ದಳು.
ಒಂದು ತಿಂಗಳಲ್ಲಿ ಬದಲಾದದ್ದು ಏನು,
ಸೂಜಿಯೋ, ನಾನೋ, ಆರ್ಡರೋ?

ಪರಂಗಿ ಹಣ್ಣು ಮುಟ್ಟಗೊಡದ ಅತ್ತೆ,
ಈ ಊರಿಗೆ ಕಾಣದ ಗ್ರಹಣಕ್ಕೂ ಒಳಗೆ ಕೂರಿಸಿದ ಅತ್ತೆ
ಬೇಡ ಅನ್ನುತ್ತಾರೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ.
ಅನ್ನಲಿಲ್ಲ.
"ನಿನ್ನ ಹೊಟ್ಟೆ, ನೀನೇ ಯೋಚನೆ ಮಾಡು" ಎಂದು
ಹುರುಳಿಯಲ್ಲಿ ಕಲ್ಲು ಆರಿಸುತ್ತ ಕೂತರು.
ಬೇಡ ಅಂದಿದ್ದರೆ ಸುಲಭವಿತ್ತು.
ಜಗಳವಾಡಿ ಹಾಕಿಸಿಕೊಂಡು ಬರುತ್ತಿದ್ದೆ.

ರುದ್ರೇಶನ ಫೋನಿನ ತುಂಬ ಯಾರುಯಾರದೋ ದನಿ.
ರಾತ್ರಿ ಟೆಂಪೋ ನಿಲ್ಲಿಸಿ ಬಂದು ಕೇಳಿಸುತ್ತಾನೆ.
ನಾನು ದನಿ ಬಿಟ್ಟು ಅವನ ಮುಖ ನೋಡುತ್ತೇನೆ.
ಹೆದರಿದವನಿಗೆ ಹೆದರಬೇಡ ಅನ್ನಲು
ನನ್ನ ಹತ್ತಿರವೂ ಸ್ಟಾಕಿಲ್ಲ.

ಮುನಿಲಕ್ಷ್ಮಿ. ಓವರ್‌ಲಾಕ್ ಮಷೀನು, ಕಿಟಕಿ ಪಕ್ಕದ್ದು.
ಮೇ ತಿಂಗಳಲ್ಲಿ ಅವಳಿಗೆ ಎಂಟು.
ಹಾಸಿಗೆಗಾಗಿ ಆಂಬುಲೆನ್ಸು ಯಶವಂತಪುರ, ರಾಜಾಜಿನಗರ,
ಮತ್ತೆ ಯಶವಂತಪುರ.
ಕೂಸು ಉಳಿಯಿತು. ಒಂದೂವರೆ ಕೇಜಿ.
ಲೈನಿನವರು ಚಂದಾ ಎತ್ತಿದೆವು,
ರಿಜೆಕ್ಟ್ ಆದವುಗಳಲ್ಲಿ ಚೆನ್ನಾಗಿದ್ದ ಅಂಗಿ ಆರಿಸಿ ಕಳಿಸಿದೆವು.
ಎಲ್ಲಕ್ಕಿಂತ ಸಣ್ಣ ಸೈಜೂ ಅದಕ್ಕೆ ದೊಡ್ಡದಾಯಿತಂತೆ.

ತಾಯಿ ಕಾರ್ಡ್ ಹಿಡಿದು ಡಾಕ್ಟರಮ್ಮನನ್ನು ಕೇಳಿದೆ:
"ಮಗುವಿಗೆ ಏನೂ ಆಗಲ್ಲ ಅಂತ ಬರೆದು ಕೊಡ್ತೀರಾ?"
ಅವರು ಪೆನ್ನು ಕೆಳಗಿಟ್ಟರು.
"ಹತ್ತು ವರ್ಷದ ಮಾತು ಬರೆದು ಕೊಡಲಾರೆ ಕಣಮ್ಮ.
ಮೇ ತಿಂಗಳಲ್ಲಿ ಏನೇನು ಬರೆದೆ, ಅದು ಗೊತ್ತು.
ನನ್ನ ಮಗಳಾಗಿದ್ದರೆ ಹಾಕಿಸು ಅಂತಿದ್ದೆ."
ಅಷ್ಟೇ. ಸೀಲಿಲ್ಲ, ಸಹಿಯಿಲ್ಲ.
ಚೂರೆಲ್ಲ ಸಿಗುವತನಕ ಕಾಯುವುದಾದರೆ
ಲೈನು ಶುರುವಾಗುವುದು ಯಾವಾಗ, ಅಂದುಕೊಂಡೆ.
ಇಲ್ಲ, ಅದೂ ಸರಿಯಾದ ಮಾತಲ್ಲ.
ಅಂಗಿಯಾದರೆ ಪಕ್ಕಕ್ಕಿಡಬಹುದು.

ಶನಿವಾರ, ಲಗ್ಗೆರೆಯ ಸರ್ಕಾರಿ ಶಾಲೆ. ಟೋಕನ್ ನಲವತ್ತೊಂದು.
ಒಂದನೇ ತರಗತಿಯ ಗಿಡ್ಡ ಬೆಂಚು,
ಕೂತರೆ ಮೊಣಕಾಲು ಹೊಟ್ಟೆಗೆ ತಾಗುತ್ತದೆ.
ರವಿಕೆ ತೋಳು ಬಿಗಿ, ನಾನೇ ಹೊಲಿದದ್ದು, ಮೇಲೇರಲಿಲ್ಲ.
ನರ್ಸಮ್ಮ ಕಣ್ಣು ಮುಚ್ಚಿಕೊಳ್ಳಿ ಅಂದರು.
ಮುಚ್ಚಲಿಲ್ಲ. ಕೆಲಸದ ಅಭ್ಯಾಸ.
ಒಳಗೆ ಹೋದದ್ದು ಇಡಿಯಾಗಿ ಹೊರಬಂತೇ,
ತುದಿ ಇದೆಯೇ, ನೋಡಿದೆ.
ಇತ್ತು.

ಅರ್ಧ ಗಂಟೆ ಕೂತಿರಬೇಕು.
ಒಳಗೆ ಅಲುಗಾಟವಿಲ್ಲ. ಐದು ನಿಮಿಷ. ಹನ್ನೊಂದು.
ಯಂತ್ರ ಸುಮ್ಮನಿದ್ದರೆ ಎಲ್ಲ ಸರಿ ಎಂದು
ಒಂಬತ್ತು ವರ್ಷ ಅಂಗಿ ಕಳಿಸಿದವಳು
ಈಗ ಕಿರುಗುಟ್ಟಲಿ, ಕಿರುಗುಟ್ಟಲಿ ಎಂದು
ಗೋಡೆಯ ಮಾಸಿದ ಮಗ್ಗಿ ಓದಿದೆ.
ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು.
ಏಳು ಮುಗಿಯಿತು. ಎಂಟರದ್ದೂ ಅರ್ಧವಾಗಿತ್ತು,
ಎಡ ಪಕ್ಕೆಗೆ ಒಂದು ಒದೆ.
ಸಿಟ್ಟಿನದೋ, ನಿದ್ದೆಗಣ್ಣಿನದೋ.

ದಾರಿಯಲ್ಲಿ ಸೊಪ್ಪು, ಹಾಲು ಕೊಂಡು ಮನೆಗೆ ಬಂದಾಗ
ಅತ್ತೆ ಕೇಳಿದ್ದು ಒಂದೇ, "ಯಾವ ಕೈಗೆ?"
ತೋರಿಸಿದೆ.
ಆ ಕೈಯ ಚೀಲವನ್ನು ಇಳಿಸಿಕೊಂಡರು.