ಇಪ್ಪತ್ತು ಗ್ರಾಂ

ಸಂಜೆ ಆರಕ್ಕೆ ಗಿರಣಿಯ ಪ್ರಯೋಗಾಲಯಕ್ಕೆ ಬೀಗ ಬಿತ್ತು.
ಹದಿನಾಲ್ಕು ತಕ್ಕಡಿ ನೋಡಿದ್ದೆ, ಎರಡು ಫೇಲು.
ಕೂದಲೊಳಗೆ, ಕಿವಿಯ ಹಿಂದೆ, ಮೈದಾ.
ಹೋಟೆಲಿನ ಹುಡುಗ ಕೊರಳಪಟ್ಟಿಯ ಹೆಸರು ಓದಿ
"ಮಿಸ್ ಹುಂಬಲ್" ಅಂದ. ಹೊಂಬಳ ಅಂತ ತಿದ್ದಲಿಲ್ಲ.
ಮೂರು ರಾತ್ರಿಯ ಮಟ್ಟಿಗೆ ಹಾಗೇ ಇರಲಿ;
ಆ ಹೆಸರಿನವಳು ಹೊತ್ತು ಮುಳುಗಿದ ಮೇಲೆ
ಒಬ್ಬಳೇ ತಿರುಗಬಲ್ಲಳು.

ಹೊರಗಿದ್ದದ್ದು ಗಾಳಿಯಲ್ಲ,
ಈಗಷ್ಟೇ ಇಸ್ತ್ರಿ ಮಾಡಿ ಮುಖಕ್ಕೆ ಹಿಡಿದ ಬಟ್ಟೆ.
ಕನ್ನಡಕ ಮಸುಕಾಯಿತು, ತೆಗೆದೆ.
ಒಂದಿಷ್ಟು ಹೊತ್ತು ಮತ್ರಾ ಬರೀ ಬೆಳಕಿನ ಉಂಡೆಗಳು:
ಎತ್ತರದ್ದು ಕೋಟೆ, ತೇಲುವುದು ಹಡಗು, ಓಡುವುದು ಟ್ಯಾಕ್ಸಿ,
ಹಸಿರಾಗಿ ನಿಂತದ್ದು ಮಸೀದಿ.

ಎಡಕ್ಕೆ ಸಮುದ್ರ ಇಟ್ಟುಕೊಂಡರೆ ದಾರಿ ತಪ್ಪುವುದಿಲ್ಲ
ಎಂದಿದ್ದ ಗಿರಣಿಯ ಸೊಹಾಗ್, ಸಿಲ್ಹೆಟ್ ಕಡೆಯವನು.
ಇಟ್ಟುಕೊಂಡೆ. ಎರಡನೆಯ ಓಣಿಯಲ್ಲಿ
ಸಮುದ್ರವೇ ತಪ್ಪಿಸಿಕೊಂಡಿತು.

ನೆತ್ತಿಗೆ ಏಸಿಗಳ ಹನಿ.
ಇಲ್ಲಿ ಬೆಕ್ಕುಗಳಿಗೆ ಅವಸರವಿಲ್ಲ, ನಾನೇ ದಾರಿ ಬಿಡಬೇಕು.
ಟೋಪಿಯ ಮೇಲೆ ಹೂ ಹೆಣೆಯುತ್ತಿದ್ದವ
ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ
ಗದ್ದದಿಂದ ದಾರಿ ತೋರಿದ.
ಆ ದಾರಿ ಒಂದು ಗೋಡೆಗೆ ಹೋಗಿ ಮುಗಿಯಿತು.
ಗೋಡೆಯಾಚೆ ಯಾರದೋ ಕುಕ್ಕರು ಮೂರು ಸಲ ಕೂಗಿತು.
ನಾಲ್ಕನೆಯದಕ್ಕೆ ಕಾದೆ. ಬರಲಿಲ್ಲ.
ಅವರ ಮನೆಯಲ್ಲಿ ಬೇಳೆಗೆ ಮೂರೇ ಸಾಕು.

ಗದಗಿನ ಓಣಿಯಲ್ಲಿ ಒಂಬತ್ತೂವರೆಗೆ ಹೀಗೆ ನಿಂತಿದ್ದರೆ
"ಯಾರ ಪೈಕಿ ಆಗಬೇಕವಾ ನೀನು" ಅಂತ
ಮೂರು ಕಟ್ಟೆಯಿಂದ ಕೇಳುತ್ತಿದ್ದರು.
ಇಲ್ಲಿ ಯಾರೂ ಕೇಳಲಿಲ್ಲ. ಮೈ ಹಗುರಾಯಿತು.
ಆಮೇಲೆ, ಸುಳ್ಳೇಕೆ,
ಯಾರಾದರೂ ಕೇಳಬಾರದೇ ಅನ್ನಿಸಿತು.

ಬಾಗಿಲು ಅರ್ಧ ಇಳಿಸಿದ ಅಂಗಡಿ.
ಮುದುಕ ಮುರ್ತಜಾ ಲುಬಾನ್ ಅಂದರು,
ನನ್ನ ಮೂಗು ಲೋಬಾನ ಅಂದುಕೊಂಡಿತು.
ಅಲ್ಲ, ಇದು ಬೇರೆ. ನಿಂಬೆಯ ಕಡೆಯ ಸಂಬಂಧ.
ಹಿಂದಿ ಮುಗಿದಲ್ಲಿ ಅವರು
ಕಚ್ಛಿಯಂಥ ಇನ್ನೊಂದಕ್ಕೆ ಹೊರಳುತ್ತಿದ್ದರು,
ನಾನು ತಲೆಯಾಡಿಸುತ್ತಿದ್ದೆ.
ಹನ್ನೊಂದು ವರ್ಷದ ಚಟ ನನ್ನದು:
ಮುಖಕ್ಕಿಂತ ಮೊದಲು ಮುಳ್ಳು ನೋಡುವುದು.
ಹಿತ್ತಾಳೆ ತಕ್ಕಡಿ. ಮುಳ್ಳು ಕಲ್ಲಿನ ತಟ್ಟೆಯ ಕಡೆಗೆ
ಒಂದು ಕೂದಲೆಳೆ ವಾಲಿತ್ತು.
ತಟ್ಟೆಯ ತಳಕ್ಕೆ ಅಂಟಿಸಿದ ಕಾಗದದ ಮಡಿಕೆ.

ನನ್ನ ಚೀಲದಲ್ಲಿ, ವಾಪಸಿಡಲು ಮರೆತ
ಇಪ್ಪತ್ತು ಗ್ರಾಮಿನ ಬೊಟ್ಟು, ಮಖಮಲ್ಲಿನ ಡಬ್ಬಿಯೊಳಗೆ.
ಅದನ್ನು ಮುಟ್ಟಲು ಚಿಮಟ ಬೇಕು, ಕೈಗವಸು ಬೇಕು,
ಬೆರಳಿನ ಜಿಡ್ಡೂ ತೂಗುತ್ತದೆ;
ಹೊಸ ಹುಡುಗರಿಗೆ ಇದನ್ನು ನಾನೇ ಬೈದು ಕಲಿಸಿದ್ದು.
ಮುರ್ತಜಾ ಅಂಗೈ ಚಾಚಿದರು.
ಕೊಟ್ಟೆ, ಬರಿಗೈಯಿಂದ ಬರಿಗೈಗೆ.
"ಬೆಳ್ಳಿಯೇ?" "ಅಲ್ಲ, ಸ್ಟೀಲು."
"ಮತ್ತೆ ಇಷ್ಟು ಜೋಪಾನ?"
ನನ್ನ ಹಿಂದಿಯಲ್ಲಿ ಉತ್ತರವಿರಲಿಲ್ಲ.

ಇಟ್ಟರು. ತಟ್ಟೆಗಳು ಸ್ವಲ್ಪ ಹೊತ್ತು ಯೋಚಿಸಿದವು.
ಇಪ್ಪತ್ತರ ಮೇಲೆ ಇನ್ನೆರಡು ಹರಳು ಕೇಳಿತು ತಕ್ಕಡಿ,
ಗಿರಾಕಿಯ ಪಾಲಿಗೆ.
"ಗೊತ್ತು" ಅಂದರು. "ಅಪ್ಪ ಅಂಟಿಸಿದ ಕಾಗದ.
ಕಿತ್ತರೆ ಸರಿಹೋಗುತ್ತದೆ."
ಕೀಳಲಿಲ್ಲ.
ಇಂಥದಕ್ಕೆ ನನ್ನ ಬಳಿ ಒಂದು ಕೆಂಪು ಚೀಟಿ ಇದೆ,
ಹಿಂದೆ ಗೋಂದು ಸಮೇತ. ಹೋಟೆಲಿನಲ್ಲಿತ್ತು.
ಹೋಟೆಲಿನಲ್ಲಿದ್ದದ್ದು ಒಳ್ಳೆಯದೇ ಆಯಿತು.

ಹಿಂತಿರುಗುವಾಗ ಸಮುದ್ರ ಬಲಕ್ಕೆ ಸಿಕ್ಕಿತು,
ಎಲ್ಲೂ ಹೋಗಿರಲಿಲ್ಲ ಎಂಬಂತೆ.

ಮೇಜಿನ ದೀಪದಡಿ ಡಬ್ಬಿ ತೆರೆದೆ.
ಬೊಟ್ಟಿನ ಮೇಲೆ ಎರಡು ಬೆರಳ ಗುರುತು
ಒಂದರ ಮೇಲೊಂದು. ಯಾವುದು ಯಾರದೋ.
ನಾಳೆ ಎಂಟಕ್ಕೆ ಇದೇ ಮತ್ತೆ ಸಾಕ್ಷಿ ಹೇಳಬೇಕು.
ಸ್ಪಿರಿಟ್ಟಿನಲ್ಲಿ ಒರೆಸಿದೆ, ಎರಡು ಸಲ. ಕೆಲಸ ಕೆಲಸವೇ.
ಒರೆಸಿದ ಬಟ್ಟೆ ಎಸೆಯಲು ಹೋಗಿ
ಎಷ್ಟು ತೂಗೀತು ಅಂತ
ಅಂಗೈ ಮೇಲೆ ಕೊಂಚ ಹೊತ್ತು ಇಟ್ಟುಕೊಂಡೆ.

ಕೆಳಗೆ ಕಸದ ಗಾಡಿ
ಪೀಂ ಪೀಂ ಅನ್ನುತ್ತಾ ಹಿಂದೆ ಸರಿಯುತ್ತಿತ್ತು.
ಬೆಕ್ಕೊಂದು ದಾರಿ ಬಿಟ್ಟಿರಲಿಲ್ಲ.