ಕಾಣ್ತಾ ಉಂಟಾ?

ಜೆಪ್ಪುವಿನ ಈ ಬಾಡಿಗೆ ಮನೆಯಲ್ಲಿ
ನೆಟ್‌ವರ್ಕ್ ಸಿಗುವುದು ಇಸ್ತ್ರಿ ಮೇಜಿನ ಹತ್ತಿರ ಮಾತ್ರ.
ಹಾಗಾಗಿ ಆಫೀಸು ಅಲ್ಲೇ.
ಬೆನ್ನ ಹಿಂದೆ ಒಂದು ಬಿಳಿ ಬೆಡ್‌ಶೀಟು,
ಅದರ ಹಿಂದೆ ಮಡಚದ ಬಟ್ಟೆಯ ರಾಶಿ,
ಅದರ ಹಿಂದೆ ಎಂತ ಉಂಟೆಂದು ನನಗೂ ಮರೆತಿದೆ.
ಮನೆಗೆ ಪರದೆ ಕಟ್ಟಬಹುದು ಮಾರಾಯ್ರೆ,
ಪರದೆಗೇ ಪರದೆ ಕಟ್ಟುವುದು ಹೇಗೆ?

ಹತ್ತು ಗಂಟೆಗೆ ಹದಿನಾಲ್ಕು ಚೌಕ.
ನೋಯ್ಡಾದಿಂದ ಸಕ್ಸೇನಾ ಸರ್: ಶೇರ್ ಮಾಡಿ.
ಮಾಡಿ ಕೇಳುತ್ತೇನೆ, ಇಂಗ್ಲಿಷಿನಲ್ಲಿ,
ಕಾಣ್ತಾ ಉಂಟಾ?
ಯಾರೂ ಮಾತಾಡುವುದಿಲ್ಲ.
ಯಾರಾದರೂ ಕೆಮ್ಮಿದರೆ ಕಾಣ್ತಾ ಉಂಟು ಅಂತ ಲೆಕ್ಕ.

ಮುಳುಗಿದ ಬೋಟುಗಳ ವಿಮೆ ನನ್ನದು.
ಬೋಟಿನ ಹೆಸರು, ಎಂಜಿನಿನ ವಯಸ್ಸು,
ಎಷ್ಟು ಮಾರು ನೀರಲ್ಲಿ, ಯಾವ ತಾರೀಕು.
ಏಳನೇ ಕಾಲಂ ವಿವರಿಸುತ್ತಿದ್ದಾಗ
ಬಲಮೂಲೆಯಿಂದ ಟಿಣ್ಣನೆ ಹಾರಿ ಬಂತು
ಕೆಳಗೆ ಗೇಟಿನಲ್ಲಿ ನಿಂತ ಪುಷ್ಪರಾಜನ ಮೆಸೇಜು:
'ಬೂತಾಯಿ ನೂರಕ್ಕೆ ಇಪ್ಪತ್ತೈದು. ಬೇಗ ಹೇಳು.'

ಸಕ್ಸೇನಾ ಸರ್ ಗಂಭೀರವಾಗಿ:
ಈ ಬೂತಾಯಿ ಯಾರು? ನಮ್ಮ ಕ್ಲೈಂಟಾ?
ಹೌದು ಸರ್, ಅಂದುಬಿಟ್ಟೆ.
ಸಣ್ಣ ಪಾರ್ಟಿ. ಆದರೆ ಬಂದರೆ ಒಟ್ಟಿಗೇ ಬರ್ತಾರೆ.
ಮೀಟಿಂಗಿನ ನಡಾವಳಿಯಲ್ಲಿ ಮೂರನೆಯದು:
ಬೂತಾಯಿಯವರನ್ನು ಸಂಪರ್ಕಿಸುವುದು.
ಹೊಣೆ: ಹರಿಣಾಕ್ಷಿ.
(ಸಂಪರ್ಕಿಸಿದೆ. ಪುಳಿಮುಂಚಿ ಮಾಡಿ.)

ಸುಖವೂ ಉಂಟು, ಇಲ್ಲ ಅನ್ನಬಾರದು.
ಒಂದು ಬುಧವಾರ ಸೂತ್ರವೆಲ್ಲ ಕೆಟ್ಟು
ಸಾಲುಸಾಲು ಸೊನ್ನೆ ಬಂದು ನಾನು ಬೆವರುವಾಗ
ರಾಂಚಿಯ ಹುಡುಗ, ಮುಖ ಕಂಡದ್ದಿಲ್ಲ,
ಕಂಟ್ರೋಲ್ ಕೊಡಿ ದೀದಿ ಅಂದ.
ನನ್ನ ಬಾಣದ ಗುರುತು ತಾನೇ ನಡೆಯಿತು,
ನೆಂಟರ ಪೈಕಿ ಯಾರೋ ಒಳ್ಳೆಯವರು
ಕೇಳದೆಯೇ ಅಡುಗೆಮನೆಗೆ ಹೋಗಿ
ಸಕ್ಕರೆ ಡಬ್ಬಿ ಸರಿಯಾದ ಜಾಗದಿಂದ ತೆಗೆದ ಹಾಗೆ.
ನಾನು ಕೈಕಟ್ಟಿ ಕೂತೆ.
ಈ ಮನೆಯಲ್ಲಿ ನಾನು ಕೈಕಟ್ಟಿ ಕೂತದ್ದು ಅದೇ ಮೊದಲು.

ಅದೇ ವಾರ, ಶುಕ್ರವಾರ.
ಶೀಟು ಮುಚ್ಚಿದೆ, ಶೇರ್ ಮುಚ್ಚಲು ಮರೆತೆ.
ಬರೀ ಡೆಸ್ಕ್‌ಟಾಪ್. ಅದರ ನಟ್ಟನಡುವೆ ಒಂದೇ ಫೈಲು:
'ರಾಜೀನಾಮೆ ಫೈನಲ್ ಮೂರು'.
ಹಿಂದಿನಿಂದ ಕುಕ್ಕರು ಒಮ್ಮೆ ಕೂಗಿತು.
ಯಾರೂ ಕೆಮ್ಮಲಿಲ್ಲ.
ಓಕೆ, ಸೋಮವಾರ ಸಿಗುವ, ಅಂದರು ಸರ್.
ಚೌಕಗಳು ಒಂದೊಂದಾಗಿ ಆರಿದವು.

ಸೋಮವಾರ ಅವರದೇ ಸರದಿ.
ಲೆಕ್ಕ ತೋರಿಸಿ ಮುಗಿಸಿ, ನಿಲ್ಲಿಸಲು ಮರೆತು,
ಹುಡುಕುವ ಪಟ್ಟಿಯಲ್ಲಿ ಒಂದಕ್ಷರ ಒತ್ತಿದರು, ಬಿ.
ಅಷ್ಟಕ್ಕೇ ಹಳೆಯ ಹುಡುಕಾಟಗಳು ಕೆಳಗೆ ಜಾರಿ ನಿಂತವು:
ಬ್ಯಾಚಲರ್ ರೂಮು, ಒಬ್ಬರಿಗೆ, ತಿಂಗಳ ಬಾಡಿಗೆ.
ಬೇರೆಯಾದ ತಂದೆ ಶಾಲೆಯ ಮೀಟಿಂಗಿಗೆ ಹೋಗಬಹುದೇ.
ಬೂತಾಯಿ ಅಂದರೆ ಯಾವ ಮೀನು.

ಹದಿನಾಲ್ಕು ಜನ ಓದಿದೆವು.
ಓದಬಾರದೆಂದು ಗೊತ್ತಾಗುವ ಮೊದಲೇ ಓದಿ ಆಗಿತ್ತು.
ಅವರು ತಟ್ಟನೆ ನಿಂತರು.
ಕೇಳಿದ ಸ್ವರ ಅವರದಲ್ಲ ಅನ್ನುವಷ್ಟು ಸಣ್ಣದು:
ನನ್ನ ಸ್ಕ್ರೀನ್... ಕಾಣ್ತಾ ಉಂಟಾ?

ಮ್ಯೂಟ್ ತೆಗೆದೆ.
ಸರ್, ನಿಮ್ಮದು ಫ್ರೀಜ್ ಆಗಿದೆ.
ಎರಡು ನಿಮಿಷದಿಂದ ನಮಗೆಂತದೂ ಕಾಣುವುದಿಲ್ಲ.
ರಾಂಚಿಯವನು: ನನಗೂ.
ಕೊಚ್ಚಿಯವಳು: ನನಗೂ, ಬರೀ ಬಿಳಿ.
ಒಂದು ವಿಷಯಕ್ಕೆ ನಮ್ಮ ಟೀಮು ಒಪ್ಪಿದ್ದು
ನಾ ಕಂಡ ಹಾಗೆ ಅದೊಂದೇ.

ನೆಟ್‌ವರ್ಕ್ ಸರಿ ಇಲ್ಲ, ಅಂದರು ಅವರು.
ಸರಿ ಇಲ್ಲ ಸರ್, ಅಂದೆ.
ಕೆಳಗೆ ಮೀನಿನವನ ಸ್ಕೂಟರು ಹಾರ್ನ್ ಹಾಕಿ ಹೋಯಿತು.

ಫೈಲು ಇನ್ನೂ ಅಲ್ಲೇ ಉಂಟು.
ಹೆಸರು ಮಾತ್ರ ಬದಲಿಸಿದ್ದೇನೆ,
ಬೂತಾಯಿ ಅಂತ.