ಇನ್ನೂರು ಬಾರ್

ಪಿ.ಬಿ. ರಸ್ತೆಯ ನನ್ನ ಗ್ಯಾಸ್ ಅಂಗಡಿಯ ಹಿಂದೆ
ಖಾಲಿ ಸಿಲಿಂಡರುಗಳು ಸಾಲಾಗಿ ನಿಂತ ಕಡೆ
ಖಾರ ಮಂಡಕ್ಕಿ ಕಟ್ಟಿದ್ದ ಪೇಪರನ್ನು ಮಗುಚಿ
ಅದರ ಮೇಲೆ ಕಡಲು ಬರೆದವಳು ಜಬೀನಾ.
ಎಣ್ಣೆ ಹೀರಿದ್ದು ಆಳ, ಒಣಗಿದ್ದು ದಡ.
"ಇಲ್ಲಿ ಹಡಗು. ಯುದ್ಧದಾಗ ಮುಳುಗಿದ್ದು. ಮೂವತ್ತು ಮೀಟರ್"
ಎಂದು ಮಿರ್ಚಿಯ ತೊಟ್ಟಿನಿಂದ ತೋರಿಸಿದಳು.

"ಅಂದ್ರೆ ನೂರಡಿ," ಕೊಟ್ರೇಶ ಲೆಕ್ಕ ಹಾಕಿದ.
"ನಮ್ಮ ಕಡೆ ನೂರಡಿಗೆ ಬರೀ ಧೂಳು ಬರುತ್ತೆ."

ಇಪ್ಪತ್ತೆರಡು ವರ್ಷದಿಂದ ಆಕ್ಸಿಜನ್ ಮಾರುವ ನಾನು
ಮುಳುಗುವವರ ಬೆನ್ನಿಗೂ ಅದೇ ಅಂದುಕೊಂಡಿದ್ದೆ.
ಅಲ್ಲವಂತೆ. ಬರೀ ಗಾಳಿ. ದಾವಣಗೆರೆಯ ಈ ಗಾಳಿಯಂಥದೇ,
ಧೂಳು ಸೋಸಿ, ತೇವ ತೆಗೆದು,
ಇನ್ನೂರು ಬಾರ್ ಒತ್ತಡಕ್ಕೆ ತುಂಬಿದ್ದು.
ಅಪ್ಪಟ ಆಕ್ಸಿಜನ್ ಆರು ಮೀಟರ್ ದಾಟಿದರೆ ವಿಷ,
ಸೆಳೆತ ಬಂದು ಸಾಯ್ತಾರೆ, ಎಂದಳು ಜಬೀನಾ,
ಆಸ್ಪತ್ರೆಯಲ್ಲಿ ದಿನಕ್ಕೆ ಅರವತ್ತು ಎದೆಗೂಡುಗಳ
ಚಿತ್ರ ತೆಗೆಯುವವಳು.
ನನ್ನ ಸರಕು ನನಗೇ ಗೊತ್ತಿರಲಿಲ್ಲ.

ಲೆಕ್ಕ ಹೀಗಿದೆ. ನನ್ನ ಚೀಟಿ ಫೆಬ್ರವರಿಗೆ.
ಕೊಟ್ರೇಶ ಬುಲೆಟ್ಟು ಮಾರುತ್ತಾನೆ,
ಮಾರಲ್ಲ ಅಂತಾನೆ, ಮಾರುತ್ತಾನೆ.
ಪಾಸ್‌ಪೋರ್ಟಿಗೆ ಬಂದ ಪೊಲೀಸು
"ಶ್ರೀಲಂಕಾದಾಗ ಏನ್ ವ್ಯವಹಾರ?" ಎಂದ.
ಮುಳುಗಿದ ಹಡಗು ನೋಡೋದು, ಎಂದೆ.
ಅವನದನ್ನು ಬರೆದುಕೊಳ್ಳಲಿಲ್ಲ.
ಮೊದಲು ಮುರುಡೇಶ್ವರದಲ್ಲಿ ನಾಲ್ಕು ದಿನ ಕಲಿಕೆ,
ಅದಕ್ಕೂ ಮೊದಲು ಈಜುಕೊಳ, ಬೆಳಗಿನ ಐದೂವರೆ,
ತಳದಲ್ಲಿ ಕುಂತು ಎಣಿಸುವುದು.
ನಾನು ಎಪ್ಪತ್ತೊಂದಕ್ಕೆ ಬಂದಿದ್ದೇನೆ.
ಕೊಟ್ರೇಶನದು ನೂರಾ ನಾಲ್ಕು,
ಅವನು ಬೇಗ ಎಣಿಸುತ್ತಾನೆ.

ಹಡಗು ಈ ವರ್ಷ. ಮುಂದಿನ ವರ್ಷ, ದುಡ್ಡು ಕೂಡಿದರೆ,
ಜಾವಾ ಕಡೆಯ ಸಬ್‌ಮರೀನು.
ಅದರ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸಿದಳು:
ಪಾಚಿ ಮೆತ್ತಿದ ಉದ್ದನೆಯ ಕಬ್ಬಿಣ, ಮೂತಿ ಮರಳಲ್ಲಿ.
ನನಗೆ ಕಂಡದ್ದು ಸಿಲಿಂಡರ್.
ಅಸಿಟಿಲೀನನ್ನು ಮಲಗಿಸಬ್ಯಾಡ್ರೋ ಎಂದು
ದಿನಾ ಹುಡುಗರಿಗೆ ಬಯ್ಯುತ್ತೇನೆ,
ಇದನ್ನು ಯಾರೋ ಎಂಬತ್ತು ವರ್ಷದಿಂದ ಮಲಗಿಸಿಟ್ಟಿದ್ದಾರೆ,
ವಾಲ್ವು ಒಳಗಿನಿಂದ ಮುಚ್ಚಿ.

"ಎಷ್ಟು ಜನ ಇದ್ರು?"
"ನಲವತ್ತರ ಮೇಲೆ. ಇಂಥವುದರಾಗ ಎಲ್ಲರೂ ಒಮ್ಮೆಗೇ ಹೋಗಲ್ಲ.
ಗಾಳಿ ಇರೋತನಕ ಗೋಡೆ ಬಡೀತಾರಂತೆ."

ಬಾಯಿಗೆಸೆಯುತ್ತಿದ್ದ ಮಂಡಕ್ಕಿಯನ್ನು
ಕೊಟ್ರೇಶ ಮುಷ್ಟಿಯಲ್ಲೇ ಹಿಡಿದ.
ಅವನಿಗೂ ನೆನಪಾಗಿತ್ತು. ಯಾರೂ ಮಾತಾಡಲಿಲ್ಲ.
ಎರಡನೇ ಅಲೆಯ ಆ ಮೇ ತಿಂಗಳು
ಬಳ್ಳಾರಿಯಿಂದ ಲಾರಿ ಬರಲಿಲ್ಲ.
ನಾನು ಷಟರ್ ಎಳೆದು, ದೀಪ ಆರಿಸಿ, ಒಳಗೆ ಕೂತಿದ್ದೆ.
ಬಡಿದರು. ಅಂಗೈಯಿಂದ, ಚಪ್ಪಲಿಯಿಂದ,
ಒಬ್ಬ ತಂದಿದ್ದ ಖಾಲಿ ಸಿಲಿಂಡರಿನಿಂದಲೇ.
ತುಂಬಿದ್ದು ಒಂದೂ ಇರಲಿಲ್ಲ ಎಂದು
ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.
ಒಂದಿತ್ತು.
ನಮ್ಮವ್ವನಿಗೆ ಬೇಕಾದೀತೆಂದು ಗೋಣಿ ಹೊದಿಸಿ ಎತ್ತಿಟ್ಟಿದ್ದೆ.
ಅವ್ವನಿಗೆ ನೆಗಡಿಯೂ ಬರಲಿಲ್ಲ.

ಜಬೀನಾ ಆರೋಗ್ಯದ ಫಾರಂ ಓದುತ್ತಾಳೆ,
ನಾನು ಹೌದು, ಇಲ್ಲ ಅನ್ನಬೇಕು.
ಕಿವಿ ಸೋರುತ್ತಾ? ಇಲ್ಲ.
ದಮ್ಮು? ಇಲ್ಲ.
ಮುಚ್ಚಿದ ಜಾಗದಲ್ಲಿ ಹೆದರಿಕೆ ಆಗುತ್ತಾ?
"ಒಳಗಿದ್ರೋ, ಹೊರಗಿದ್ರೋ?" ಎಂದೆ.
ಅವಳು ಒಂದು ಸಲ ತಲೆಯೆತ್ತಿ ನೋಡಿ
ಆ ಚೌಕವನ್ನು ಖಾಲಿ ಬಿಟ್ಟಳು. ಆಮೇಲೆ ಹೇಳಿದಳು:
"ಸಬ್‌ಮರೀನಿನ ಒಳಗೆ ಬಿಡಲ್ಲ. ಅದು ಗೋರಿ ಲೆಕ್ಕ. ಮುಟ್ಟಂಗಿಲ್ಲ."

ಅಷ್ಟರಲ್ಲಿ ವೆಲ್ಡಿಂಗ್ ಶಾಪಿನ ಹುಡುಗ ಬಂದ,
ಎರಡು ಆಕ್ಸಿಜನ್, ಒಂದು ಅಸಿಟಿಲೀನ್, ಉದ್ರಿ.
ಕಡಲನ್ನು ನಾಲ್ಕು ಮಡಿಕೆ ಮಾಡಿ
ಬಿಲ್ ಬುಕ್ಕಿನೊಳಗೆ ಇಟ್ಟೆ.
ಬೆಳಿಗ್ಗೆ ತೆರೆದರೆ ಎಣ್ಣೆ ಹಬ್ಬಿಬಿಟ್ಟಿತ್ತು.
ಹಡಗಿದ್ದ ಜಾಗ ಸಿಗಲಿಲ್ಲ.
ದಡ ಒಂದು ಬೆರಳಿನಷ್ಟು ಉಳಿದಿತ್ತು,
ಸಾಲದ ಪುಟಗಳ ಮೇಲೆಲ್ಲ ಆಳ.